ಮಂಗಳವಾರದವರು

ಡಿಸೆಂಬರ್ 9, ಮಂಗಳವಾರ ಸಂಜೆ 4.20ಕ್ಕೆ ಪವುನುತಾಯಿ ಎಂಬ ಹೆಂಗಸು ಪುಳಿಯೂತ್ತು ಪೊಲೀಸ್ ಠಾಣೆಗೆ ಒಂದು ದೂರು ತಂದಳು. ದೂರು ಅವಳದು, ಕೈಬರಹ ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯವನದು. ಕಂಬಂನ ಸಲೂನೊಂದರಲ್ಲಿ ಕೆಲಸಕ್ಕಿದ್ದ ತನ್ನ ತಮ್ಮ ಭರಣಿಯನ್ನು, ವಯಸ್ಸು 29, ಅದೇ ಬೀದಿಯ ಇನ್ನೊಂದು ಸಲೂನಿನ ಲೆನಿನ್ ಎಂಬುವನು ಕೊಕ್ಕುಪಾರೈ ಜಲಪಾತಕ್ಕೆ ಕರೆದೊಯ್ದು ಬಂಡೆಯಿಂದ ತಳ್ಳಿ ಕೊಂದಿದ್ದಾನೆ ಎಂದು ಅದರಲ್ಲಿತ್ತು.

ಇನ್ಸ್‌ಪೆಕ್ಟರ್ ಮರಗತಂ ಅದನ್ನು ಎರಡು ಸಲ ಓದಿದರು. ಮೂರು ವಾರಗಳಿಂದ ಅವರು ಶಬರಿಮಲೆಗೆ ಹೋಗುವ ವಾಹನಗಳ ಬಂದೋಬಸ್ತಿನಲ್ಲಿದ್ದರು. ಮೊಣಕಾಲು ಊದಿತ್ತು. ಇದೇ ಭರಣಿಯ ಸಾವಿನ ಬಗ್ಗೆ ಮಧ್ಯಾಹ್ನವೇ ಅಸಹಜ ಸಾವು ಎಂದು ಒಂದು ಎಫ್‌ಐಆರ್ ಆಗಿತ್ತು. ಅದರ ಶಾಯಿ ಒಣಗುವ ಮೊದಲೇ ಈ ಹಾಳೆ ಬಂದಿತ್ತು.

"ನೀವು ಕಣ್ಣಾರೆ ನೋಡಿದ್ರಾ?"

"ನೋಡ್ಬೇಕಾ ಅಮ್ಮಾ? ಆರು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ನನ್ನ ತಮ್ಮ ಎದುರುಗಡೆ ಹೊಸ ಅಂಗಡಿ ಸೇರ್ಕೊಂಡ. ಗಿರಾಕಿಗಳೆಲ್ಲ ಅವನ ಹಿಂದೇನೇ ಹೋದ್ರು. ‘ನನ್ನ ಕುರ್ಚಿ ಖಾಲಿ ಮಾಡಿಸ್ದೋನನ್ನ ನಾನೂ ಖಾಲಿ ಮಾಡಿಸ್ತೀನಿ’ ಅಂತ ಟೀ ಅಂಗಡೀಲಿ ಹೇಳಿದಾನೆ ಆ ಲೆನಿನ್. ಹತ್ತು ಜನ ಕೇಳಿದಾರೆ."

"ಮತ್ತೆ ಇವತ್ತು ಒಟ್ಟಿಗೆ ಯಾಕೆ ಹೋದ್ರು?"

"ರಾಜಿ ಮಾಡಿಸ್ತೀವಿ ಅಂತ ಸ್ನೇಹಿತರು ಕರ್ಕೊಂಡು ಹೋದ್ರು. ಆಯ್ತಲ್ಲ ರಾಜಿ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಶವ ನೋಡಿದೆ. ಅಂಗಿ ಬೆನ್ನ ಮೇಲೆ ಹರಿದಿದೆ. ಹಿಂದಿನಿಂದ ಕೈ ಹಾಕದೆ ಬೆನ್ನು ಹರಿಯುತ್ತಾ?"

ಮರಗತಂ ಹಾಳೆಯ ಮೂಲೆಯಲ್ಲಿ ಸಮಯ ಬರೆದು ಸಹಿ ಹಾಕಿದರು.

ಬೆಳಗ್ಗೆ ನಡೆದದ್ದು ಇಷ್ಟು. 10.40ಕ್ಕೆ ದಿವಾಕರ್ ಎಂಬುವನಿಂದ ಫೋನ್ ಬಂತು. ನಾಲ್ವರು ಸ್ನೇಹಿತರು ಬೆಟ್ಟಕ್ಕೆ ಬಂದಿದ್ದೇವೆ, ಒಬ್ಬ ಜಲಪಾತದ ಮಡುವಿಗೆ ಬಿದ್ದಿದ್ದಾನೆ, ಕೆಳಗೆ ಸಿಗ್ನಲ್ ಇಲ್ಲ, ಕಣಿವೆಯ ಬಾಯಿಯ ತನಕ ಓಡಿ ಬಂದು ಮಾತಾಡುತ್ತಿದ್ದೇನೆ ಎಂದ. ಹೆಡ್ ಕಾನ್ಸ್‌ಟೇಬಲ್ ಪಿಚ್ಚೈಮಣಿ, ಊರಿಗೆಲ್ಲ ಏಟ್ಟಯ್ಯ, ಇಂಥ ಹೊತ್ತಿನಲ್ಲಿ ಎಂದಿನಿಂದ ಮಾಡುವುದನ್ನೇ ಮಾಡಿದ. ಮಾಯಾಂಡಿಗೆ ಫೋನ್ ಹಚ್ಚಿದ.

ಬೆಟ್ಟದ ಬುಡದ ಕೇರಿಯ ಮಾಯಾಂಡಿಗೆ ಐವತ್ತೆಂಟು. ಕೊಕ್ಕುಪಾರೈ ಮಡುವಿನಲ್ಲಿ ಯಾರು ಮುಳುಗಿದರೂ ಇಪ್ಪತ್ತು ವರ್ಷದಿಂದ ಮೇಲೆ ತರುವವನು ಅವನೇ. ಸರ್ಕಾರದ ಯಾವ ಕಡತದಲ್ಲೂ ಅವನಿಗೆ ಹುದ್ದೆಯಿಲ್ಲ. ಶವ ತಂದ ದಿನ ಠಾಣೆಯಿಂದ ಒಂದು ಕ್ವಾರ್ಟರ್ ಬ್ರಾಂದಿ, ಒಂದು ಹೊಸ ಬಿಳಿ ಟವೆಲ್ ಕೊಡುವುದು ರೂಢಿ. ಪಿಚ್ಚೈಮಣಿ ತನ್ನ ಮೇಜಿನ ಕೆಳಗಿನ ಖಾನೆಯಲ್ಲಿ ನಾಲ್ಕೈದು ಟವೆಲ್ ಸದಾ ತಂದಿಟ್ಟಿರುತ್ತಿದ್ದ.

ಪೊಲೀಸರು 12.30ಕ್ಕೆ ಮೇಲೆ ತಲುಪುವಷ್ಟರಲ್ಲಿ ಶವ ಬಂಡೆಯ ಮೇಲಿತ್ತು. ಪಿಚ್ಚೈಮಣಿ ಬಾಟಲಿ ಮತ್ತು ಟವೆಲ್ ಚಾಚಿದಾಗ ಮಾಯಾಂಡಿ "ಬೇಡ ಏಟ್ಟಯ್ಯಾ" ಎಂದು ಹೇಳಿ ಒದ್ದೆ ಲುಂಗಿಯಲ್ಲೇ ಇಳಿದು ಹೋದ. ಟವೆಲ್ ಖಾನೆಗೆ ವಾಪಸಾಯಿತು.

ಲೆನಿನ್‌ನನ್ನು ಒಳಗೆ ಕರೆಸಿದ್ದು 5.15ಕ್ಕೆ. ಪ್ಯಾಂಟು ಇನ್ನೂ ಒದ್ದೆಯಿತ್ತು. ಸ್ಟೂಲಿನ ಮೇಲೆ ಕೂತವನು ಮೊದಲು ನೋಡಿದ್ದು ಪಿಚ್ಚೈಮಣಿಯ ಮುಖವನ್ನು.

"ನನ್ನ ಮೀಸೆ ಯಾಕೋ ನೋಡ್ತೀಯ?"

"ಎಡಗಡೆ ಜಾಸ್ತಿ ಕತ್ತರಿಸಿದಾರೆ ಅಣ್ಣೇ." ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ತಲೆ ತಗ್ಗಿಸಿದ.

"ಎಷ್ಟು ಹೊತ್ತಿಗೆ ತಲುಪಿದ್ರಿ?" ಮರಗತಂ ಕೇಳಿದರು.

"ಒಂಬತ್ತೂ ಮುಕ್ಕಾಲು. ಫೋಟೋ ಇದೆ ಅಮ್ಮಾ, ಟೈಮ್ ಸಮೇತ."

"ಮಂಗಳವಾರ ಬೆಟ್ಟಕ್ಕೆ ಯಾಕೆ?"

"ನಮಗಿರೋ ರಜೆ ಅದೊಂದೇ. ಶನಿವಾರ ಸಾಯಂಕಾಲ ಕಾಲೇಜು ಹುಡುಗರು ನಮ್ಮ ಹತ್ರ ಬಂದು ಕ್ರಾಪು ಮಾಡಿಸ್ಕೊಂಡು ಭಾನುವಾರ ಜಲಪಾತಕ್ಕೆ ಹೋಗ್ತಾರೆ. ಮುಂದಿನ ಸಲ ಬಂದಾಗ ಕುರ್ಚಿ ಮೇಲೆ ಕೂತ್ಕೊಂಡು ಫೋಟೋ ತೋರಿಸ್ತಾರೆ. ಅವರು ತೋರಿಸಿದ ಜಾಗಾನ ನಾವು ಮಂಗಳವಾರ ಹೋಗಿ ನೋಡ್ತೀವಿ."

"ಬಿದ್ದಿದ್ದು ಹೇಗೆ?"

"ಮಡುವಿನ ಮೇಲ್ಗಡೆ ಜಾರುಬಂಡೆ ಇದೆಯಲ್ಲ. ಅಲ್ಲಿ ಸರಪಳಿ ಹಿಡ್ಕೊಂಡೇ ಹತ್ಬೇಕು. ಭರಣಿ ಮುಂದೆ, ನಾನು ಹಿಂದೆ. ಉಳಿದಿಬ್ಬರು ಇನ್ನೂ ಕೆಳಗಿದ್ರು, ಅಲ್ಲಿಂದ ಬಂಡೆ ಕಾಣಲ್ಲ. ಬೆಳಗಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಅರ್ಧ ಹತ್ತಿದ ಮೇಲೆ ಅವನೇ ತಿರುಗಿ, ‘ಮಚ್ಚಾ, ಭಾನುವಾರ ನಮ್ಮಂಗಡೀಲಿ ರಶ್ಶು ಜಾಸ್ತಿ, ನಾಲ್ಕು ತಲೆ ನಿನ್ನ ಕಡೆ ಕಳಿಸ್ಲಾ?’ ಅಂದ. ನನಗೆ ನಗು ಬಂತು. ಅಷ್ಟರಲ್ಲಿ ಸರಪಳಿ ಕಿತ್ತು ಬಂತು."

"ಅಂಗಿ?"

ಲೆನಿನ್ ಬಲಗೈ ತೆರೆದು ತೋರಿಸಿದ. ಅಂಗೈಯಲ್ಲಿ ನೀಲಿ ಬಟ್ಟೆಯ ಒಂದು ಚೂರು ಮುದ್ದೆಯಾಗಿತ್ತು. "ಹಿಡ್ಕೊಂಡೆ ಅಮ್ಮಾ. ಅಂಗಿ ನಿಲ್ಲಲಿಲ್ಲ."

ತಳ್ಳಿದರೆ ಅಂಗಿ ಹರಿಯುವುದಿಲ್ಲ, ಎಳೆದರೆ ಹರಿಯುತ್ತದೆ ಎಂದು ಮರಗತಂ ಕೇಸ್ ಡೈರಿಯಲ್ಲಿ ಬರೆದುಕೊಂಡರು. ಆದರೆ ಎಳೆದು ಬೀಳಿಸಬಹುದು ಎಂದೂ ಅದರ ಕೆಳಗೆ ಬರೆದರು. ಲೆನಿನ್‌ನನ್ನು ಠಾಣೆಯಲ್ಲೇ ಇರಿಸಿಕೊಂಡರು. ಪವುನುತಾಯಿಯ ಕಡೆಯವರು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಅವನನ್ನು ರಿಮಾಂಡಿಗೆ ಕಳಿಸದೆ ಶವ ಒಯ್ಯುವುದಿಲ್ಲ ಎಂದು ಹಟ ಹಿಡಿದಿದ್ದರು. ಲೆನಿನ್‌ನ ಹೆಂಡತಿ ಮೂರು ತಿಂಗಳ ಮಗುವನ್ನೆತ್ತಿಕೊಂಡು ಅವರ ಎದುರಿಗೇ, ಗೋಡೆಯ ಇನ್ನೊಂದು ಮೂಲೆಯಲ್ಲಿ ನಿಂತಿದ್ದಳು. ಅವಳಿಗೆ ಯಾರೂ ಜಾಗ ಬಿಡಲಿಲ್ಲ.

ಬುಧವಾರ ಬೆಳಗ್ಗೆ 8.40. ಮರಗತಂ ಕೋಲೂರಿಕೊಂಡು ಬೆಟ್ಟ ಹತ್ತಿದರು. ಜೊತೆಗೆ ಪಿಚ್ಚೈಮಣಿ, ಪಂಚರಾಗಿ ಗ್ರಾಮಾಡಳಿತಾಧಿಕಾರಿ ಮತ್ತು ಅವನ ಸಹಾಯಕ ತಲೆಯಾರಿ. ದಾರಿಯುದ್ದಕ್ಕೂ ಚಿಪ್ಸಿನ ಪೊಟ್ಟಣಗಳು, ಶಾಂಪೂ ಪಾಕೀಟುಗಳು, ಒಂಟಿ ಚಪ್ಪಲಿಗಳು. ಬೆಟ್ಟಕ್ಕೆ ಬಂದವರಲ್ಲಿ ಅರ್ಧ ಜನ ಒಂದೇ ಕಾಲಲ್ಲಿ ಇಳಿದು ಹೋದ ಹಾಗಿತ್ತು.

ಜಾರುಬಂಡೆ ನಲವತ್ತು ಅಡಿ. ಅದರಲ್ಲಿ ಮೂರು ಕಬ್ಬಿಣದ ಗೂಟ, ಗೂಟದಿಂದ ಗೂಟಕ್ಕೆ ಸರಪಳಿ. ಹಿಂದೆಂದೋ ಎಸ್ಟೇಟಿನವರು ನೀರಿನ ಕಾಲುವೆ ನೋಡಿಕೊಳ್ಳಲು ಹಾಕಿಸಿದ್ದು. ಎಸ್ಟೇಟು ಮುಚ್ಚಿದ ಮೇಲೆ ಅದು ಯಾರದೂ ಅಲ್ಲ. ಮೇಲಿನ ಗೂಟ ಈಗ ಬುಡದಲ್ಲೇ ತುಂಡಾಗಿತ್ತು. ಸರಪಳಿ ಸತ್ತ ಹಾವಿನಂತೆ ಕೆಳಗೆ ಜೋತಾಡುತ್ತಿತ್ತು.

"ತುಕ್ಕು ಹಿಡಿದಿತ್ತು ಅಮ್ಮಾ, ಹಳೇ ಮಾಲು," ಎಂದ ಗ್ರಾಮಾಡಳಿತಾಧಿಕಾರಿ, ಬೇಗ ಇಳಿಯುವ ಆತುರದಲ್ಲಿ. "ಹಾಗೇ ಬರ್ಕೊಳ್ಳಿ."

ಮರಗತಂ ಬಂಡೆಯ ಮೇಲೆ ಕೂತು, ಕೂತಲ್ಲಿಂದಲೇ ಸರಿಯುತ್ತ ಗೂಟದ ಬಳಿ ಹೋದರು. ತುಂಡಾದ ಮುಖದ ಮುಕ್ಕಾಲು ಭಾಗ ಕನ್ನಡಿಯಂತೆ ನಯವಾಗಿತ್ತು. ಉಳಿದ ಕಾಲು ಭಾಗ ಮಾತ್ರ ಮುರಿದ ಬೆಲ್ಲದಂತೆ ಒರಟು. ಪಕ್ಕದ ಬಿರುಕಿನಲ್ಲಿ ಕೈಯಾಡಿಸಿದಾಗ ಬೆರಳಿಗೆ ಏನೋ ಚುಚ್ಚಿತು. ಗರಗಸದ ಬ್ಲೇಡಿನ ಎರಡಿಂಚಿನ ತುಣುಕು.

ಸ್ಥಳ ಮಹಜರು 10.50ಕ್ಕೆ ಮುಗಿಯಿತು. ಗೂಟದ ತುಂಡು, ಬ್ಲೇಡಿನ ತುಣುಕು, ಬಂಡೆಯ ಮೇಲಿನ ಕಬ್ಬಿಣದ ಪುಡಿ ಮೂರನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ ಅರಗು ಒತ್ತಿದರು.

"ಅಂದ್ರೆ ಕೊಲೆನೇ," ಎಂದ ಪಿಚ್ಚೈಮಣಿ ಇಳಿಯುತ್ತ. "ಲೆನಿನ್ ಮೊದಲೇ ಬಂದು ಕೊಯ್ದು ಹೋಗಿರಬೇಕು."

"ತಾನೂ ಅದೇ ಸರಪಳಿ ಹಿಡ್ಕೊಂಡು ಹಿಂದೆ ಹತ್ತಿದ್ನಲ್ಲ ಏಟ್ಟು. ಕೊಯ್ದೋನು ಹತ್ತುತ್ತಾನಾ?"

ಪಿಚ್ಚೈಮಣಿ ಪೊಟ್ಟಣಗಳ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

ಪುಳಿಯೂತ್ತಿನ ವೆಲ್ಡಿಂಗ್ ಅಂಗಡಿಯವನು ಗೂಟದ ತುಂಡನ್ನು ಪೊಟ್ಟಣದ ಹೊರಗಿಂದಲೇ ತೂಗಿ ನೋಡಿ, "ಕೈಗರಗಸದಲ್ಲಿ, ಅದೂ ಒದ್ದೆ ಬಂಡೆ ಮೇಲೆ ನಿಂತು? ಒಂದೂವರೆ ಗಂಟೆ ಬೇಕು. ತೋಳು ಬಿದ್ದೋಗುತ್ತೆ," ಎಂದ. ನಾಲ್ವರೂ 9.45ಕ್ಕೆ ತಲುಪಿದ್ದರು. ಭರಣಿ ಬಿದ್ದದ್ದು 10.25ಕ್ಕೆ. ಸೋಮವಾರ ರಾತ್ರಿ ಒಂಬತ್ತರವರೆಗೆ ಲೆನಿನ್ ಅಂಗಡಿಯಲ್ಲಿದ್ದ ಎಂದು ಅವನ ಮಾಲೀಕನೂ ಇಬ್ಬರು ಗಿರಾಕಿಗಳೂ ಹೇಳಿಕೆ ಕೊಟ್ಟರು. ಅವರಲ್ಲಿ ಒಬ್ಬನ ಗಡ್ಡಕ್ಕೆ ಲೆನಿನ್ ಕೊಟ್ಟ ಆಕಾರ ಇನ್ನೂ ಕೆಟ್ಟಿರಲಿಲ್ಲ.

ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇರುವುದು ಒಂದೇ. ಮಧ್ಯಾಹ್ನ 3.10ಕ್ಕೆ ಪಿಚ್ಚೈಮಣಿ ಅಲ್ಲಿಗೆ ಹೋದ. ಅಂಗಡಿಯವನು ಅನ್ನಕ್ಕೆ ಕೂತಿದ್ದ.

"ಈ ವಾರ ಗರಗಸದ ಬ್ಲೇಡ್ ಯಾರಿಗೆ ಮಾರಿದೆ?"

"ನನ್ನನ್ನ ಕೇಳ್ತೀರಲ್ಲ ಏಟ್ಟಯ್ಯಾ. ನಿಮ್ಮೋನೇ ಒಯ್ದಿದ್ದು."

"ನಮ್ಮೋನು ಯಾರಯ್ಯ?"

"ಮಾಯಾಂಡಿ. ನಿನ್ನೆ ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆಯೋ ಮುಂಚೆನೇ ನಿಂತಿದ್ದ. ಎರಡು ಕೊಡು, ಒಂದು ಸಾಲಲ್ಲ ಅಂದ. ಏನಕ್ಕೆ ಅಂದ್ರೆ, ‘ಬಾಗಿಲು ಹಾಕೋಕೆ’ ಅಂದ. ಗರಗಸದಲ್ಲಿ ಬಾಗಿಲು ಹಾಕೋನನ್ನ ನಾನು ನೋಡಿರಲಿಲ್ಲ."

ಪಿಚ್ಚೈಮಣಿ ಠಾಣೆಗೆ ನೇರ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದ, ಅದರ ಮೇಲೆ ಇನ್ನೊಂದು ಕುಡಿದ. 4.30ಕ್ಕೆ ಒಳಗೆ ಬಂದು ತನ್ನ ಫೋನನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟ.

"ನಾನು ಮಾಯಾಂಡಿಗೆ ಮಾಡಿದ ಕಾಲು ನೋಡಿ ಅಮ್ಮಾ. ಹತ್ತು ಐವತ್ತೆರಡು. ಆ ಹುಡುಗರ ಹೇಳಿಕೇಲಿ ಅವನು ಬಂದಿದ್ದು ಹನ್ನೊಂದು ಇಪ್ಪತ್ತು ಅಂತಿದೆ. ಅವನ ಕೇರಿಯಿಂದ ಹತ್ತೋಕೆ ಒಂದೂವರೆ ಗಂಟೆ. ಹಾರಿ ಬಂದ ಮಾರಾಯ ಅಂತ ನಿನ್ನೆ ಹೊಗಳಿದ್ದೆ."

"ದಾರಿಯಲ್ಲೇ ಇದ್ದ," ಎಂದರು ಮರಗತಂ.

"ಬ್ಲೇಡು ಚೀಲದಲ್ಲಿಟ್ಟುಕೊಂಡು."

ಮರಗತಂ ಬರವಣಿಗೆಯ ಕಾನ್ಸ್‌ಟೇಬಲ್ ಜಾಸ್ಮಿನ್‌ಳನ್ನು ಕರೆದು, ಮಾಯಾಂಡಿ ಹೆಸರಿನಲ್ಲಿ ಠಾಣೆಯಲ್ಲಿ ಏನೇ ಇದ್ದರೂ ತೆಗೆಯಲು ಹೇಳಿದರು. ಜಾಸ್ಮಿನ್ ತಂದದ್ದು ಒಂದು ತೆಳುವಾದ ಕಡತ. ಜಿಲ್ಲಾ ಕಚೇರಿಯಲ್ಲಿ ಸೋಮವಾರದ ಜನಸಂಪರ್ಕ ಸಭೆಯಲ್ಲಿ ಕೊಟ್ಟು, ವಿಚಾರಣೆಗೆಂದು ಠಾಣೆಗೆ ಬಂದಿದ್ದ ಅರ್ಜಿಗಳು, ನಾಲ್ಕು. ನಾಲ್ಕರಲ್ಲೂ ಒಂದೇ ಮಾತಿತ್ತು. ಕೊಕ್ಕುಪಾರೈಗೆ ಹೋಗುವ ದಾರಿಗೆ ಬಾಗಿಲು ಹಾಕಿಸಿಕೊಡಬೇಕು, ಅಥವಾ ಸರಪಳಿ ತೆಗೆಸಬೇಕು. ನನಗೆ ವಯಸ್ಸಾಯಿತು.

ಕೊನೆಯ ಅರ್ಜಿಯ ಕೆಳಗೆ ಹಸಿರು ಶಾಯಿಯಲ್ಲಿ, "ಅರ್ಜಿದಾರರಿಗೆ ತಿಳಿವಳಿಕೆ ಹೇಳಲಾಯಿತು. ಮುಕ್ತಾಯ" ಎಂದಿತ್ತು. ಸಹಿ ಮರಗತಂ ಅವರದೇ. ತಾರೀಖು ಆಗಸ್ಟಿನದು. ಏನು ತಿಳಿವಳಿಕೆ ಹೇಳಿದ್ದು ಎಂದು ಅವರು ನೆನಪು ಮಾಡಿಕೊಳ್ಳಲು ನೋಡಿದರು. ಅವನನ್ನು ಕರೆಸಿದ್ದೇ ನೆನಪಾಗಲಿಲ್ಲ.

ಗುರುವಾರ ಬೆಳಗ್ಗೆ 7.30ಕ್ಕೆ ಜೀಪು ಕೇರಿಯಲ್ಲಿ ನಿಂತಿತು. ಮಾಯಾಂಡಿ ಅಂಗಳದಲ್ಲಿ ಆಡಿಗೆ ಸೊಪ್ಪು ಕಟ್ಟುತ್ತಿದ್ದ. ಜೀಪು ಕಂಡು ಕೈ ತೊಳೆದುಕೊಂಡ.

"ಬನ್ನಿ ಏಟ್ಟಯ್ಯಾ. ನಿನ್ನೆನೇ ಬರ್ತೀರಿ ಅಂದ್ಕೊಂಡಿದ್ದೆ."

"ನೀನೇ ಬರಬಹುದಿತ್ತಲ್ಲ ಮಾಯಾಂಡಿ." ಪಿಚ್ಚೈಮಣಿ ಜೀಪಿನ ಬಾಗಿಲು ಹಿಡಿದೇ ನಿಂತ.

"ಕಾಲು ಬರಲಿಲ್ಲ."

ಮರಗತಂ ಅಂಗಳದ ಕಲ್ಲಿನ ಮೇಲೆ ಕೂತರು. "ಗರಗಸ ಎಲ್ಲಿ?"

ಅವನು ಸೂರಿನಿಂದ ಚೀಲ ಇಳಿಸಿ ಕೊಟ್ಟ. ಒಳಗೆ ಗರಗಸದ ಚೌಕಟ್ಟು, ಮುರಿದ ಬ್ಲೇಡಿನ ಉಳಿದರ್ಧ, ಕಾಗದ ಬಿಚ್ಚದ ಎರಡು ಹೊಸ ಬ್ಲೇಡು. ಜೊತೆಗೆ ಜಿಲ್ಲಾ ಕಚೇರಿಯ ಸ್ವೀಕೃತಿ ಚೀಟಿ. ತಾರೀಖು ಡಿಸೆಂಬರ್ 8, ಸೋಮವಾರ. ಐದನೆಯ ಅರ್ಜಿ.

"ಸೋಮವಾರ ಅರ್ಜಿ ಕೊಟ್ಟು, ಅವತ್ತೇ ಹತ್ತಿದ್ಯಾ?"

"ಚೀಟಿ ಕೊಟ್ಟ ಹುಡುಗಿ, ‘ತಾತಾ, ಇದನ್ನ ನಿಮ್ಮೂರ ಠಾಣೆಗೇ ಕಳಿಸ್ತೀವಿ’ ಅಂದಳು. ಅಲ್ಲಿಗೆ ನಂಗೆ ಗೊತ್ತಾಯ್ತು."

ಮರಗತಂ ಬರೆಯುವುದನ್ನು ನಿಲ್ಲಿಸಿ, ಮತ್ತೆ ಶುರುಮಾಡಿದರು. "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?"

"ಹೋದ ತಿಂಗಳು ಕಡೇ ಭಾನುವಾರ ಒಬ್ಬ ಕಾಲೇಜು ಹುಡುಗನ್ನ ತೆಗೆದ್ನಲ್ಲ. ಬಂಡೆ ಮೇಲೆ ಮಲಗಿಸಿ ಕಣ್ಣು ಮುಚ್ತಾ ಇದ್ದೆ. ಆ ಕಡೆ ದಡದಲ್ಲಿ ಬೇರೆ ಗುಂಪು. ಅವರಿಗೆ ಇವನು ಸತ್ತಿದಾನೆ ಅಂತ ಗೊತ್ತಿಲ್ಲ, ನಿದ್ದೆ ಮಾಡ್ತಿದಾನೆ ಅಂದ್ಕೊಂಡ್ರೇನೋ. ‘ತಾತಾ, ಸ್ವಲ್ಪ ಪಕ್ಕಕ್ಕೆ ಸರೀರಿ, ಫೋಟೋದಲ್ಲಿ ಬರ್ತಿದೀರಿ’ ಅಂದ್ರು." ಅವನು ಕೈ ಒರೆಸಿಕೊಂಡ. "ನಾನು ಸರಿದೆ ಅಮ್ಮಾ. ಅವನನ್ನೂ ಎಳ್ಕೊಂಡು ಸರಿದೆ. ಆ ಮೇಲಿಂದ ನಿದ್ದೆ ಇಲ್ಲ."

"ಅರ್ಧ ಕೊಯ್ದು ಯಾಕೆ ಬಿಟ್ಟೆ?"

"ಬ್ಲೇಡು ಮುರೀತು. ಕತ್ತಲಾಗಿತ್ತು. ಮೂರೂ ಗೂಟ ಕೊಯ್ದು ಸರಪಳೀನ ಮಡುವಿಗೆ ಹಾಕಿಬಿಟ್ರೆ ಆ ಬಂಡೆ ಯಾರೂ ಹತ್ತೋಕಾಗಲ್ಲ. ನಾಳೆ ಮಂಗಳವಾರ, ಯಾರು ಬರ್ತಾರೆ, ಮಧ್ಯಾಹ್ನದೊಳಗೆ ಮುಗಿಸೋಣ ಅಂದ್ಕೊಂಡೆ."

"ಮಂಗಳವಾರ ಸಲೂನಿಗೆ ರಜೆ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತಿಲ್ದೆ ಏನು? ನನ್ನ ಗಡ್ಡ ಹೆರೆಯೋನೂ ಮಂಗಳವಾರ ಬಾಗಿಲು ತೆಗೆಯಲ್ಲ. ಆದರೆ ರಜೆ ದಿನ ಅವನೂ ಎಲ್ಲಾದರೂ ಹೋಗ್ತಾನೆ ಅನ್ನೋದು ತಲೆಗೆ ಬರಲಿಲ್ಲ. ಇಪ್ಪತ್ತೊಂಬತ್ತು ಹೆಣ ತೆಗೆದಿದೀನಿ ಅಮ್ಮಾ. ಎಲ್ಲ ಶನಿವಾರ, ಭಾನುವಾರದವರು. ಮಂಗಳವಾರದವನು ಒಬ್ಬನೂ ಇರಲಿಲ್ಲ." ಬೆಟ್ಟದ ಕಡೆ ಕೈ ತೋರಿಸಿ, "ಕಣಿವೆ ಬಾಯೀಲಿ ಬೀಡಿ ಹಚ್ತಿದ್ದೆ, ಏಟ್ಟಯ್ಯನ ಫೋನು ಬಂತು. ಹೆಸರು ನೋಡಿದಾಗ್ಲೇ ಅರ್ಥವಾಯ್ತು," ಎಂದ.

ಅವನ ಹೆಂಡತಿ ಜಕ್ಕಮ್ಮ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದಳು. ಈಗ ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ಎಳೆದು ತಂದು ಪಿಚ್ಚೈಮಣಿಯ ಕಾಲ ಬಳಿ ಬಿಟ್ಟಳು. "ಇದನ್ನೂ ತಗೊಂಡು ಹೋಗಿ. ಮನೇಲಿ ಒಂದು ಪೆಟ್ಟಿಗೆ ಜಾಗ ಹಿಡ್ಕೊಂಡಿದೆ."

ಪೆಟ್ಟಿಗೆಯ ತುಂಬ ಬಿಳಿ ಟವೆಲುಗಳು. ಮಡಿಕೆ ಬಿಚ್ಚಿರಲಿಲ್ಲ. ತಳದವು ಹಳದಿಯಾಗಿದ್ದವು, ಮೇಲಿನವಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

"ಒಂದನ್ನೂ ಹೆಗಲಿಗೆ ಹಾಕಲಿಲ್ವೇನೋ?" ಎಂದ ಪಿಚ್ಚೈಮಣಿ. ಅಷ್ಟನ್ನೂ ಕೊಂಡು ತಂದವನು ಅವನೇ.

"ಬೇರೆಯವರ ಸಾವಿಂದು ಏಟ್ಟಯ್ಯಾ," ಎಂದ ಮಾಯಾಂಡಿ. "ಹೆಂಗೆ ಹಾಕ್ಕೊಳ್ಳೋದು?"

8.15ಕ್ಕೆ ದಸ್ತಗಿರಿ ಎಂದು ದಾಖಲಾಯಿತು.

ಠಾಣೆಯಲ್ಲಿ ಲೆನಿನ್‌ನಿಂದ ಸಹಿ ಹಾಕಿಸಿಕೊಂಡು ಬಿಟ್ಟರು. ವಿಷಯ ತಿಳಿದ ಪವುನುತಾಯಿ ಬೇವಿನ ಮರದ ಕೆಳಗಿಂದ ಎದ್ದು ಗೋಡೆಯ ಬಳಿ ಬಂದು, ಲೆನಿನ್‌ನ ಹೆಂಡತಿಗೆ, "ಮಗೂಗೆ ಬಿಸಿಲು ಹೊಡೀತಿದೆ, ಆ ಕಡೆ ಹೋಗಿ ಕೂತ್ಕೋ," ಎಂದಳು. ಲೆನಿನ್‌ನ ಮುಖ ನೋಡದೆ ಅವನಿಗೆ ಹೇಳಿದ್ದು ಬೇರೆ. "ನಾಳೆ ಎತ್ತೋ ಮುಂಚೆ ಭರಣಿಗೆ ಗಡ್ಡ ಮಾಡಬೇಕು. ನಮ್ಮೋರ ಕೈ ನಡುಗುತ್ತೆ. ನೀನು ಬಾ."

ಎಫ್‌ಐಆರಿನ ಕಲಂ ಬದಲಿಸುವ ವರದಿ, ರಿಮಾಂಡ್ ವರದಿ ಎರಡನ್ನೂ ಜಾಸ್ಮಿನ್ ಟೈಪ್ ಮಾಡಿದಳು. ಕೊಲೆಯಲ್ಲದ ನರಹತ್ಯೆ ಎಂದು ಹಾಕಿದರು.

"ಉದ್ದೇಶ ಏನಂತ ಬರೀಲಿ ಅಮ್ಮಾ?"

"ಇನ್ನು ಮುಂದೆ ಅಲ್ಲಿ ಯಾರೂ ಸಾಯಬಾರದು ಅನ್ನೋ ಉದ್ದೇಶದಿಂದ ಅಂತ ಬರಿ."

ಜಾಸ್ಮಿನ್ ಕೀಲಿಮಣೆಯಿಂದ ಬೆರಳೆತ್ತಿದಳು. "ಕೋರ್ಟಲ್ಲಿ ನಗ್ತಾರೆ."

"ನಗಲಿ. ಲಗತ್ತು ಅಂತ ಕೆಳಗೆ ಹಳೇ ಅರ್ಜಿಗಳನ್ನೂ ಐದನೇದರ ಚೀಟೀನೂ ಸೇರಿಸು. ಆಗಸ್ಟಿಂದೂ ಸೇರಿಸು."

"ಅದರ ಮೇಲೆ ನಿಮ್ಮ ಸಹಿ ಇದೆ ಅಮ್ಮಾ," ಎಂದ ಪಿಚ್ಚೈಮಣಿ ಮೆಲ್ಲಗೆ. "ಮೇಲಿಂದ ಮೆಮೊ ಬರುತ್ತೆ."

"ಬರಲಿ ಏಟ್ಟು. ಓದೋಕೆ ಬರುತ್ತಲ್ಲ ನಂಗೆ."

ಮಧ್ಯಾಹ್ನ 2.40. ಠಾಣೆಯ ಗೇಟಿನಲ್ಲಿ ಮೂರು ಟಿವಿಯವರು ಮೈಕು ಹಿಡಿದು ನಿಂತಿದ್ದರು. ನ್ಯಾಯಾಲಯಕ್ಕೆ ಒಯ್ಯುವ ಆರೋಪಿಗೆ ಮುಖ ಮುಚ್ಚಿಕೊಳ್ಳಲು ಬಟ್ಟೆ ಕೊಡುವುದೂ ಠಾಣೆಯ ಇನ್ನೊಂದು ರೂಢಿ. ಪಿಚ್ಚೈಮಣಿ ಅತ್ತಿತ್ತ ನೋಡಿದ. ಕೊನೆಗೆ ತನ್ನ ಮೇಜಿನ ಕೆಳಗಿನ ಖಾನೆ ಎಳೆದ. ಮಂಗಳವಾರ ವಾಪಸಾಗಿದ್ದ ಟವೆಲ್ ಮೇಲುಗಡೆಯೇ ಇತ್ತು. ಅದನ್ನು ಕೈಗೆ ತೆಗೆದುಕೊಂಡು ನಿಂತವನು ಕೊಡಲೋ ಬೇಡವೋ ಎಂದು ಇನ್ಸ್‌ಪೆಕ್ಟರ್ ಕಡೆ ನೋಡಿದ.

ಮಾಯಾಂಡಿಯೇ ಕೈ ಚಾಚಿದ.

ಮಡಿಕೆ ಬಿಚ್ಚಿ ಒಮ್ಮೆ ಕೊಡವಿದ. ಮುಖಕ್ಕೆ ಸುತ್ತಿಕೊಳ್ಳಲಿಲ್ಲ. ಹೆಗಲ ಮೇಲೆ ಹಾಕಿಕೊಂಡ.

"ಇದೊಂದು ನಂದು ಅಮ್ಮಾ," ಎಂದು ಹೇಳಿ ಜೀಪು ಹತ್ತಿದ.